ಇಲಿಮಾವ ಸುಮ್ಮನಿದ್ದ ಐದು ದಿನ

ಸಂಶೋಧನೆಗೆಂದು ಒಬ್ಬ ಹುಡುಗಿ ಪ್ರಯೋಗಾಲಯದ ಇಲಿಕೋಣೆಗೆ ಮೊದಲ ಸಲ ಬಂದಾಗ, ಪಂಜರಗಳನ್ನು ನೋಡಿಕೊಳ್ಳುವ ಹಿರಿಯರು ಒಂದು ಇಲಿಯನ್ನು ಅಂಗೈಮೇಲೆ ಕೂರಿಸಿಕೊಂಡು ಬೈಯುತ್ತಿದ್ದರು.

"ಪಕ್ಕದವನ ಮೀಸೆ ಕಡೀತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಅವಳು ನಕ್ಕುಬಿಟ್ಟಳು. ಎಲ್ಲರಂತೆ ಅವಳಿಗೂ ಅಂದಿನಿಂದ ಅವರು ಇಲಿಮಾವ.

ಇಲಿಗಳಿಗೆ ಒಮ್ಮೆ ಸೌಮ್ಯವಾದ ಸೋಂಕು ತಗುಲಿಸಿ, ವಾಸಿಯಾದ ಮೇಲೆ ವರ್ಷವಿಡೀ ಸುಮ್ಮನೆ ಬಿಡುವುದು ಅವಳ ಪ್ರಯೋಗ.

"ರೋಗದ ಜೊತೆ ಹೊಡೆದಾಡಿದ ಬಿಳಿ ರಕ್ತಕಣಗಳಲ್ಲಿ ಹೆಚ್ಚಿನವು ಸತ್ತುಹೋಗ್ತವೆ ಮಾವ. ಉಳಿದ ಕೆಲವು, ಅದೇ ರೋಗಾಣು ಮತ್ತೆ ಬಂದ್ರೆ ಗುರುತು ಹಿಡಿದು ಮೇಲೆ ಬೀಳ್ತವೆ. ಮಧ್ಯೆ ಒಂದ್ಸಲವೂ ಅದನ್ನ ಕಾಣದಿದ್ರೆ ಆ ನೆನಪು ಉಳಿಯುತ್ತಾ ಅಂತ ನೋಡ್ಬೇಕು."

"ನಮ್ಮನೆಯವಳು ಇಪ್ಪತ್ತು ವರ್ಷದ ಹಿಂದಿನ ಜಗಳ ಇನ್ನೂ ಮರೆತಿಲ್ಲ. ಆದ್ರೆ ಅವಳು ನನ್ನ ದಿನಾ ನೋಡ್ತಾಳಲ್ಲ," ಎಂದರು ಮಾವ.

ವರ್ಷ ಮುಗಿಯುತ್ತ ಬಂದಂತೆ ಕೆಲವು ಇಲಿಗಳು ಸತ್ತವು. ಒಂಟಿಯಾದವು ಮೂಲೆ ಹಿಡಿದು ಕೂರುವುದನ್ನು ಮಾವನಿಗೆ ನೋಡಲಾಗಲಿಲ್ಲ. ಬೇರೆ ಇಲಿಯ ವಾಸನೆಯಾದರೂ ಜೊತೆಗಿರಲಿ ಎಂದು, ಎದುರುಸಾಲಿನಲ್ಲಿ ಬೇರೆಯವರ ಪ್ರಯೋಗದ ಇಲಿಗಳಿದ್ದ ಗೂಡುಗಳಿಂದ ಹಳೆಯ ಹತ್ತಿಯನ್ನು ಒಂದೊಂದು ಹಿಡಿ ತಂದು ಹಾಕಿದರು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಡುವ ಜಾಯಮಾನ ಅವರದಲ್ಲ. ಅವಳ ಅಷ್ಟೂ ಪಂಜರಗಳಿಗೂ ಹಾಕಿದರು. ಎದುರುಸಾಲಿನ ಪಂಜರಗಳಿಗೆ ಅಂಟಿಸಿದ್ದ ಚೀಟಿಗಳನ್ನು ಮಾತ್ರ ಓದಲಿಲ್ಲ.

ಫಲಿತಾಂಶ ಬಂದ ದಿನ ಹುಡುಗಿ ಓಡೋಡಿ ಬಂದಳು.

"ನೆನಪು ಉಳಿದಿದೆ ಮಾವ, ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು. ರೋಗಾಣು ಮತ್ತೆ ಸಿಕ್ಕಿದ್ರೆ ಮಾತ್ರ ಇಷ್ಟಾಗ್ಬೇಕು, ಆದ್ರೆ ಅದೆಲ್ಲಿಂದ ಬರತ್ತೆ?"

ಮಾವನ ಕಣ್ಣು ಎದುರುಸಾಲಿನ ಚೀಟಿಯ ಮೇಲೆ ಬಿತ್ತು. ಅದೇ ಸೋಂಕು; ತಗುಲಿಸಿದ್ದು ಅವರು ಹತ್ತಿ ತೆಗೆದ ವಾರವೇ. ಆ ಹತ್ತಿಯಲ್ಲೇ ರೋಗಾಣು ಬಂದಿತ್ತು.

ಐದು ದಿನ ಅದನ್ನು ಅವಳಿಗೆ ಹೇಳಲಿಲ್ಲ. ಆರನೆಯ ದಿನ ಹೇಳಿದರು. ಅಷ್ಟರಲ್ಲಿ ಅವಳು ಹಿರಿಯ ವಿಜ್ಞಾನಿಗಳ ಸಭೆಯಲ್ಲಿ ಆ ಫಲಿತಾಂಶವನ್ನೆಲ್ಲ ಓದಿ ಶಭಾಷ್ ಎನಿಸಿಕೊಂಡಾಗಿತ್ತು.

"ಅವತ್ತೇ ಹೇಳಿದ್ರೆ ಒಂದು ವರ್ಷ ಹೋಗ್ತಿತ್ತು ಅಷ್ಟೇ," ಎಂದಳು ಮೆಲ್ಲಗೆ. "ಈಗ ನನ್ನ ಮಾತಿಗೂ ಬೆಲೆ ಇಲ್ದಂಗಾಯ್ತು ಮಾವ."

ಅದೇ ಸಭೆಯ ಮುಂದೆ ನಿಂತು ಅವಳು ತನ್ನ ಮಾತನ್ನು ಹಿಂತೆಗೆದುಕೊಂಡಳು. ಮಾವ ಬಾಗಿಲಾಚೆ ನಿಂತು ಕೇಳಿದರು. ತಪ್ಪು ಯಾರದೆಂದು ಅವಳು ಬಾಯಿಬಿಡಲಿಲ್ಲ. ಅದು ಅವರನ್ನು ಇಂದಿಗೂ ಕೊರೆಯುತ್ತದೆ.

ಪ್ರಯೋಗ ಮತ್ತೆ ಮೊದಲಿನಿಂದ ನಡೆಯುತ್ತಿದೆ. ಈಗ ಏಳನೆಯ ತಿಂಗಳು. ಕೆಲಸದ ಮಾತು ಬಿಟ್ಟರೆ ಅವಳು ಹೆಚ್ಚು ಮಾತಾಡುವುದಿಲ್ಲ. ಮಾವ ಮಾತ್ರ ಪ್ರತಿ ಸಂಜೆ, ಕೇಳದಿದ್ದರೂ, ಅವಳ ಮೇಜಿನ ಬಳಿ ನಿಂತು, ಯಾವ ಪಂಜರ ತೆರೆದೆ, ಏನು ಹಾಕಿದೆ, ಕೈತಪ್ಪಿ ಏನು ಬಿತ್ತು ಎಂದು ಒಂದನ್ನೂ ಬಿಡದೆ ಹೇಳುತ್ತಾರೆ. ಅವಳು ತಲೆಯೆತ್ತದೆ ಬರೆದುಕೊಳ್ಳುತ್ತಾಳೆ.