ದ್ರಾಕ್ಷಾಯಣಮ್ಮನ ಎಡಗೈ

ಜಾವಗಲ್‌ನ ನಮ್ಮ ಬೀದಿಗೆ ಗಂಗಾಧರಯ್ಯ ದೊಡ್ಡ ಮನುಷ್ಯ. ಕೊಬ್ಬರಿ ವ್ಯಾಪಾರಿ, ಮಠಕ್ಕೆ ತಪ್ಪದೆ ನಡೆದುಕೊಳ್ಳುವವನು. ಮಗಳು ಲತಾಮಣಿ ಇನ್ನೂ ಕೈಗೂಸಾಗಿದ್ದಾಗ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಈ ದೊಡ್ಡ ಮನುಷ್ಯ ತೆಂಗಿನ ಹೆಡೆಮಟ್ಟೆ ಎತ್ತಿ ಹೆಂಡತಿ ದ್ರಾಕ್ಷಾಯಣಮ್ಮನ ತಲೆಗೆ ಬಾರಿಸಿದ. ರಕ್ತ ಸೆರಗು ತೋಯಿಸಿ ಅಂಗಳಕ್ಕಿಳಿಯಿತು. ಅಟ್ಟದಿಂದ ಬಿದ್ದಳು ಎಂದು ಊರಿಗೆಲ್ಲ ಹೇಳಿದ. ದ್ರಾಕ್ಷಾಯಣಮ್ಮನೂ ಹಾಗೆಯೇ ಹೇಳಿದರು.

ಅಂದಿನಿಂದ ಅವರ ಎಡಗೈಗೆ ಬಿಸಿ, ತಂಪು ಒಂದೂ ತಿಳಿಯುತ್ತಿರಲಿಲ್ಲ. ಕುದಿಯುವ ಪಾತ್ರೆ ಹಿಡಿದು ಬೊಬ್ಬೆ ಎದ್ದರೂ ನಗುತ್ತಿದ್ದರು. ಈಚೆಗಂತೂ ಎಲ್ಲದಕ್ಕೂ ವಯಸ್ಸಿನ ನೆಪ ಸಿಕ್ಕಿತ್ತು.

ಈ ಚಳಿಗಾಲದಲ್ಲಿ ಲತಾಮಣಿ ಮಾದಿಹಳ್ಳಿಯ ಗಂಡನ ಮನೆಯಿಂದ ಓಡಿಬಂದಳು. ತುಟಿ ಸೀಳಿತ್ತು, ಮುಂದಿನ ಹಲ್ಲು ಮುರಿದಿತ್ತು. ಗಂಡ ಇಂದ್ರೇಶ್, ನಾಳೆ ಬಂದು ಕರೆದೊಯ್ಯುತ್ತೇನೆಂದು ಫೋನ್ ಮಾಡಿದ. ಹೋಗಲಾರೆ ಎಂದು ಕಾಲು ಹಿಡಿದ ಮಗಳಿಗೆ ತಾಯಿ ಹೇಳಿದ್ದು ಕೇಳಿ ಪಕ್ಕದ ಮನೆಯ ನನಗೆ ಮೈಯೆಲ್ಲ ಉರಿಯಿತು.

"ಹೋಗೇ. ನಾನ್ ತಿನ್ನದ ಏಟಾ? ನಂಗೇನಾಗೈತೆ?"

ಮರುದಿನ ಶಾಲೆಯಲ್ಲಿ ಒಂದು ಶಿಬಿರವಿತ್ತು. ಚಿಕ್ಕವರಿಂದ ಮುದುಕರವರೆಗೆ ಯಾವ ವಯಸ್ಸಿನಲ್ಲಿ ಮಿದುಳು ಚಳಿಯನ್ನು ಹೇಗೆ ಅರಿಯುತ್ತದೆಂದು ಅಳೆಯುವುದಂತೆ. ತಲೆಗೆ ತಂತಿಗಳ ಟೋಪಿ, ಅಂಗೈಗೆ ತಣ್ಣನೆಯ ಬಿಲ್ಲೆ, ಪರದೆಯ ಮೇಲೆ ಗೆರೆ. ನಾನೇ ತಾಯಿ ಮಗಳಿಬ್ಬರನ್ನೂ ಎಬ್ಬಿಸಿಕೊಂಡು ಹೋದೆ. ಎಣ್ಣೆ ಹಚ್ಚದೆ ಬನ್ನಿ ಎಂದು ಸಾರಿದ್ದರೂ, ನಾಲ್ಕು ಜನರ ಮುಂದೆ ಒಣತಲೆಯಲ್ಲಿ ಕೂರುವುದುಂಟೇ ಎಂದು ದ್ರಾಕ್ಷಾಯಣಮ್ಮ ಕೊಬ್ಬರಿ ಎಣ್ಣೆ ಸುರಿದು ತುರುಬು ಕಟ್ಟಿಕೊಂಡೇ ಬಂದಿದ್ದರು. ಟೋಪಿ ಹಿಡಿಯಲಿಲ್ಲ. ಪರೀಕ್ಷೆ ಮಾಡುವ ಹುಡುಗಿ ಚೈತನ್ಯ ಅವರನ್ನು ನಲ್ಲಿಯ ಕೆಳಗೆ ಕೂರಿಸಿ ತಲೆ ತೊಳೆದಳು. ಕೂದಲ ನಡುವೆ ಅವಳ ಬೆರಳು ನಿಂತಿತು. ಅಲ್ಲಿ ತಗ್ಗಿತ್ತು.

"ಇದೇನಮ್ಮಾ?"

"ಅಟ್ಟದಿಂದ ಬಿದ್ದೆ."

ಲತಾಮಣಿಯ ಗೆರೆ ಚಳಿ ತಗುಲಿದೊಡನೆ ಎಗರಿತು. ತಾಯಿಯ ಬಲಗೈಗೆ ಸಣ್ಣ ಅಲೆಯಾದರೂ ಎದ್ದಿತು. ಎಡಗೈಗೆ ಏನೂ ಇಲ್ಲ, ಗೆರೆ ಸತ್ತಂತೆ ಮಲಗಿತ್ತು.

"ವಯಸ್ಸಾದ್ರೆ ಎರಡೂ ಕೈಗೆ ಕಮ್ಮಿ ಆಗುತ್ತಮ್ಮ. ಇದು ವಯಸ್ಸಲ್ಲ. ಆ ಪೆಟ್ಟು ಮಿದುಳಿಗೇ ತಗಲಿರಬೇಕು. ದೊಡ್ಡಾಸ್ಪತ್ರೇಲಿ ತೋರ್ಸಿ," ಎಂದಳು ಚೈತನ್ಯ.

ದ್ರಾಕ್ಷಾಯಣಮ್ಮ ಆ ಗೆರೆಯನ್ನೇ ನೋಡುತ್ತಾ ಕುಳಿತರು.

ಆಗಲೇ ಇಂದ್ರೇಶ್ ಮಾವನ ಜೊತೆ ನುಗ್ಗಿದ. ಲತಾಮಣಿಯ ಜಡೆಗೆ ಕೈ ಹಾಕಿ ದರದರ ಎಳೆದ. ಅವಳ ಮುಖ ಬೆಂಚಿನ ಅಂಚಿಗೆ ಬಡಿದು ಸೀಳಿದ ತುಟಿ ಮತ್ತೆ ಬಿರಿಯಿತು. ಮಕ್ಕಳು ಕಿರುಚಿಕೊಂಡವು.

"ನಡಿಯೇ, ಮಾನ ಕಳೀಬ್ಯಾಡ!" ಎಂದು ಗಂಗಾಧರಯ್ಯ ಮಗಳ ಬೆನ್ನಿಗೆ ಒದ್ದ.

ದ್ರಾಕ್ಷಾಯಣಮ್ಮ ಕೂತಿದ್ದ ಸ್ಟೂಲನ್ನೇ ಎತ್ತಿ ಅಳಿಯನ ಮಣಿಕಟ್ಟಿಗೆ ಬೀಸಿದರು. ಮೂಳೆ ಲಟಕ್ಕೆಂದಿತು. ಅವನು ಜಡೆ ಬಿಟ್ಟು ಊಳಿಟ್ಟ. ಗಂಗಾಧರಯ್ಯ ಕೈ ಎತ್ತಿದ. ಸ್ಟೂಲಿನ ಕಾಲು ಅವನ ದವಡೆಗೆ ಬಿತ್ತು, ಬಾಯಿಂದ ರಕ್ತ ಸುರಿಯಿತು. ನನಗೆ ಸಂತೋಷವೇ ಆಯಿತು, ಮುಚ್ಚಿಡುವುದೇನು.

ನೀರು ತೊಟ್ಟಿಕ್ಕುವ ತಲೆಯಲ್ಲೇ ಅವರು ಮಗಳನ್ನು ಠಾಣೆಗೆ ನಡೆಸಿಕೊಂಡು ಹೋದರು. ಲತಾಮಣಿಯ ಬಾಯಿ ನೋಡಿ ಪೇದೆ ಅವಳ ದೂರು ಬರೆಯಲು ಪೆನ್ನು ತೆಗೆದ.

ದ್ರಾಕ್ಷಾಯಣಮ್ಮ ಕೂದಲು ಸರಿಸಿ, ತಲೆ ಬಗ್ಗಿಸಿ ಮೇಜಿನ ಮೇಲಿಟ್ಟರು.

"ನಂದು ಮೊದ್ಲು ಬರ್ಕಳಿ ಸ್ವಾಮಿ."