ಲೋಡ್ ಗಾಡಿಗೆ ಮೊದಲ ದಾರಿ

ಬೆಳಿಗ್ಗೆ ಏಳೂಕಾಲು. ರೈಸ್‌ವೈಕ್‌ನ ಒಂದು ಬಡಾವಣೆಯಲ್ಲಿ, ನೆತ್ತಿಯ ಮೇಲೆ ‘ಎಲ್’ ಫಲಕ ಹೊತ್ತ ಬೂದು ಬಣ್ಣದ ಕಾರು ನಿಧಾನವಾಗಿ ಹೋಗುತ್ತಿತ್ತು. ಸ್ಟಿಯರಿಂಗ್ ಹಿಡಿದವರು ವಿಜಯಾ, ನಲವತ್ತೆರಡು ವರ್ಷ, ಅದೇ ಊರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಮರ್. ಪಕ್ಕದಲ್ಲಿ ಚಾಲನಾ ಶಿಕ್ಷಕಿ ವಿಲ್ಮಾ. ಬಲಗಡೆಯ ಸಣ್ಣ ಓಣಿಯಿಂದ ಬೇಕರಿಯ ಪುಟ್ಟ ವ್ಯಾನು ಮೂತಿ ಹೊರಹಾಕಿತು. ವಿಜಯಾ ಅದನ್ನು ನೋಡಿದರು. ನೋಡಿಯೂ ಮುಂದೆ ಹೋದರು. ವಿಲ್ಮಾ ತನ್ನ ಕಾಲ ಬಳಿಯಿದ್ದ ಎರಡನೇ ಬ್ರೇಕ್ ಒತ್ತಿದಳು. ಕಾರು ನಿಂತಿತು, ವ್ಯಾನು ದಾಟಿ ಹೋಯಿತು.

ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ದಾರಿ ಎಂಬುದು ನೆದರ್‌ಲ್ಯಾಂಡ್ಸ್‌ನ ನಿಯಮ. ವಿಜಯಾಗೆ ಅದು ಬಾಯಿಪಾಠ. ಲಿಖಿತ ಪರೀಕ್ಷೆಯಲ್ಲಿ ಮೊದಲ ಸಲವೇ ಪಾಸಾಗಿದ್ದರು. ಆದರೆ ರಸ್ತೆಯ ಪರೀಕ್ಷೆಯಲ್ಲಿ, ಬಲಗಡೆಯ ಗಾಡಿಗೆ ದಾರಿ ಬಿಡದೆ, ಮೂರು ಸಲ ಫೇಲಾಗಿದ್ದರು. ಒಮ್ಮೆ ಕೆಂಪು ಸಣ್ಣ ಕಾರು, ಒಮ್ಮೆ ಅಂಚೆಯ ವ್ಯಾನು, ಮೂರನೆಯ ಸಲ, 1998ರ ಜೂನ್ ಮೊದಲ ವಾರ, ಮುದುಕನೊಬ್ಬ ಓಡಿಸುತ್ತಿದ್ದ ಇನ್ನೂ ಸಣ್ಣ ಕಾರು. ವಿಲ್ಮಾಗೆ ಇದು ಅರ್ಥವಾಗುತ್ತಿರಲಿಲ್ಲ. ಬಸ್ಸು, ಟ್ರಾಮು, ಕಸದ ಲಾರಿ ಯಾವ ಕಡೆಯಿಂದ ಬಂದರೂ ಈ ಹೆಂಗಸು ತಪ್ಪದೆ ನಿಲ್ಲುತ್ತಾರೆ. ಕಣ್ಣಿನ ದೋಷವಿಲ್ಲ, ಅವಸರವಿಲ್ಲ, ಗೇರು ಹಾಕುವುದು ಬೆಣ್ಣೆಯಂತೆ.

ಪಾಸಾಗುವುದು ಈಗ ಬರೀ ಹಠದ ಮಾತಾಗಿ ಉಳಿದಿರಲಿಲ್ಲ. ವಿಜಯಾರ ಕಂಪನಿ ಅವರನ್ನು ಕನ್ಸಲ್ಟೆಂಟ್ ಮಾಡಲು ಸಿದ್ಧವಿತ್ತು. ಆ ಹುದ್ದೆಯವರು ಒಂದೊಂದು ದಿನ ಒಂದೊಂದು ಊರಿನ ಗಿರಾಕಿಯ ಬಳಿ ಹೋಗಬೇಕು, ಅದಕ್ಕೆ ಕಂಪನಿಯೇ ಕಾರು ಕೊಡುತ್ತದೆ. ಅಕ್ಟೋಬರ್ ಒಂದರೊಳಗೆ ಡಚ್ ಲೈಸೆನ್ಸ್ ತೋರಿಸಬೇಕು, ಇಲ್ಲವಾದರೆ ಜಾಗ ಬೇರೆಯವರಿಗೆ. ನಾಲ್ಕನೇ ಪರೀಕ್ಷೆಗೆ ಸೆಪ್ಟೆಂಬರ್‌ನಲ್ಲಿ ದಿನ ಸಿಕ್ಕಿತ್ತು. ಕೂರುವುದಿಲ್ಲವೆಂದಾದರೆ ಆಗಸ್ಟ್ ಎರಡನೇ ವಾರದೊಳಗೆ ಹೇಳಿಬಿಡಿ ಎಂದು ವಿಲ್ಮಾ ತಿಳಿಸಿದ್ದಳು. ಹೇಳಿಬಿಡಬೇಕೆಂದೇ ವಿಜಯಾ ಅಂದುಕೊಂಡಿದ್ದರು. ಇಪ್ಪತ್ತು ವರ್ಷದಿಂದ ತನಗೆ ಗಾಡಿ ಓಡಿಸಲು ಬರುತ್ತದೆ ಎಂದು ನಂಬಿದ್ದೇ ತಪ್ಪಿರಬಹುದು ಎಂಬ ಅನುಮಾನ ಅವರನ್ನು ಹೊಕ್ಕಿತ್ತು.

ನಂಬಿಕೆಗೆ ಕಾರಣವಿತ್ತು. ಅವರ ತಂದೆ ಈಶ್ವರಪ್ಪ ಹೊಸಪೇಟೆಯವರು, ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಜೀಪ್ ಡ್ರೈವರ್. ಮಗಳಿಗೆ ಹದಿನೆಂಟು ತುಂಬಿದಾಗ ಭಾನುವಾರಗಳಲ್ಲಿ ಅದಿರಿನ ಲಾರಿಗಳು ಓಡಾಡುವ ಮೊರಂ ಮಣ್ಣಿನ ರಸ್ತೆಯಲ್ಲೇ ಕಲಿಸಿದರು. ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಬಂದ ವರ್ಷ ಲೈಸೆನ್ಸ್ ಆಯಿತು. ಹೊಸಪೇಟೆಯ ಪೇಟೆಬೀದಿಯಲ್ಲಿ ಸೀರೆಯುಟ್ಟು ಜೀಪ್ ಓಡಿಸಿಕೊಂಡು ಹೋಗುತ್ತಿದ್ದ ಹುಡುಗಿಯನ್ನು ನಿಂತು ನೋಡಿದವರು ಈಗಲೂ ಇದ್ದಾರೆ. ಮದುವೆ, ಬೆಂಗಳೂರಿನ ನೌಕರಿ, 1993ರಲ್ಲಿ ಗಂಡನ ಕೆಲಸದ ಹಿಂದೆ ನೆದರ್‌ಲ್ಯಾಂಡ್ಸ್, ಮೂರು ವರ್ಷ ಕಾದ ಮೇಲೆ ಸ್ವಂತದ ಕೆಲಸದ ಪರವಾನಗಿ.

ಗಂಡ ಮುರಳೀಧರ ಮೈಸೂರಿನವರು. ನೆದರ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಹಳೆಯ ಪ್ರೋಗ್ರಾಮ್‌ಗಳನ್ನು 2000ನೇ ಇಸವಿಗೆ ಅಣಿಗೊಳಿಸುವ ಗುಂಪಿನಲ್ಲಿದ್ದರು. ಭಾರತದಲ್ಲಿ ಸ್ಕೂಟರ್ ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಕಾರು ಕಲಿತದ್ದು ಇಲ್ಲೇ. ಒಂದೇ ಯತ್ನಕ್ಕೆ ಪಾಸಾದರು. ಅದನ್ನು ಅವರು ಮನೆಯಲ್ಲಿ ಎಂದೂ ಎತ್ತಿ ಆಡಿದವರಲ್ಲ. ಆಡುವ ಕೆಲಸವನ್ನು ಹದಿಮೂರರ ಮಗಳು ಹಿತಾ ಮಾಡುತ್ತಿದ್ದಳು.

ರಜೆಗೆ ನಮೀಬಿಯಾಕ್ಕೆ ಹೋಗುವ ಯೋಚನೆ ಮುರಳೀಧರರದು. ಸಹೋದ್ಯೋಗಿಯೊಬ್ಬ ಊಟದ ಬಿಡುವಿನಲ್ಲಿ ಸ್ಲೈಡುಗಳನ್ನು ತೋರಿಸಿದ್ದ. ಕಿತ್ತಳೆ ಬಣ್ಣದ ಮರಳಗುಡ್ಡಗಳು, ನೀರಿನ ಹೊಂಡದ ಸುತ್ತ ಆನೆಗಳು, ಗೈಡ್ ಇಲ್ಲದೆ ತಾವೇ ಓಡಿಸಿಕೊಂಡು ಹೋಗುವ ರಸ್ತೆಗಳು. ಮುಂದಿನ ವರ್ಷ ಬ್ಯಾಂಕು ಯಾರಿಗೂ ದೊಡ್ಡ ರಜೆ ಕೊಡುವುದಿಲ್ಲವೆಂದು ಆಗಲೇ ಸುತ್ತೋಲೆ ಬಂದಿತ್ತು. ಹೋಗುವುದಾದರೆ ಈ ಬೇಸಿಗೆಯಲ್ಲೇ. ಬಾಡಿಗೆ ಗಾಡಿಯ ಅರ್ಜಿಯಲ್ಲಿ ‘ಎರಡನೇ ಚಾಲಕ’ ಎಂಬ ಸಾಲನ್ನು ಅವರು ಖಾಲಿ ಬಿಟ್ಟರು. ಹದಿನಾಲ್ಕು ದಿನವೂ ತಾವೇ ಓಡಿಸುವುದಾಗಿ, ಹೆಂಡತಿ ಆರಾಮಾಗಿ ಪ್ರಾಣಿ ನೋಡಲಿ ಎಂದು ಹೇಳಿದರು. ಜೂನ್‌ನಲ್ಲಿ ಪರೀಕ್ಷೆ ಮುಗಿಸಿ ಬಂದವಳು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತಿದ್ದನ್ನು ಅವರು ನೋಡಿದ್ದರು.

ವಿಜಯಾ ಪೆಟ್ಟಿಗೆ ಜೋಡಿಸಿದರು. ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಡಬ್ಬಿಗಳ ನಡುವೆ, ಹಿಂದಿನ ಸಲ ಊರಿಗೆ ಹೋದಾಗ ನವೀಕರಿಸಿದ ಹೊಸಪೇಟೆಯ ಲೈಸೆನ್ಸನ್ನೂ ಇಟ್ಟುಕೊಂಡರು. ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ ಬಾಡಿಗೆಯ ಪಿಕಪ್ ಗಾಡಿ ಪಡೆಯುವಾಗ ಅದನ್ನು ಮೇಜಿನ ಮೇಲಿಟ್ಟರು. ಗುಮಾಸ್ತೆ ಒಮ್ಮೆ ತಿರುವಿ ನೋಡಿ, ಖಾಲಿ ಸಾಲಿನಲ್ಲಿ ಹೆಸರು ಬರೆದುಕೊಂಡಳು.

“ಮೂರು ಸಲ ಫೇಲಾಗಿರೋದು ಹೇಳ್ಲಿಲ್ವಾ?” ಎಂದು ಹಿತಾ ಡಚ್‌ನಲ್ಲಿ ಕೇಳಿದಳು.

“ಅಕಿ ಕೇಳ್ಲಿಲ್ಲ,” ಎಂದರು ವಿಜಯಾ.

ನಮೀಬಿಯಾದಲ್ಲಿ, ಭಾರತದಲ್ಲಿರುವಂತೆ, ರಸ್ತೆಯ ಎಡಗಡೆ ಓಡಿಸಬೇಕು. ಮೊದಲ ಎರಡು ದಿನ ಮುರಳೀಧರ ತುಟಿ ಅಲುಗಿಸುತ್ತ “ಎಡಕ್ಕೆ, ಎಡಕ್ಕೆ” ಎಂದು ಹೇಳಿಕೊಳ್ಳುತ್ತಲೇ ಓಡಿಸಿದರು. ಮರಳಗುಡ್ಡ ಹತ್ತಿಳಿದ ಮೇಲೆ, ಮೂರನೆಯ ದಿನ, ಕರಾವಳಿಯತ್ತ ಹೊರಟರು. ಜಲ್ಲಿ ರಸ್ತೆ. ಗಂಟೆಗೊಂದು ಗಾಡಿ ಎದುರಾದರೆ ಹೆಚ್ಚು. ಜಾಲಿಯಂಥ ಒಂಟಿ ಮರದ ಕೆಳಗೆ ರೊಟ್ಟಿ ತಿಂದು ಮತ್ತೆ ಹೊರಟಾಗ ಮುರಳೀಧರ ನೆದರ್‌ಲ್ಯಾಂಡ್ಸ್‌ನ ಅಭ್ಯಾಸದಂತೆ ಬಲಗಡೆಗೆ ಸೇರಿಕೊಂಡರು. ಯಾರಿಗೂ ಗೊತ್ತಾಗಲಿಲ್ಲ. ಹಿತಾ ಓದುತ್ತಿದ್ದಳು. ವಿಜಯಾ ದೂರದಲ್ಲಿ ಉದ್ದ ಕೊಂಬಿನ ಜಿಂಕೆಗಳ ಹಿಂಡು ನೋಡುತ್ತಿದ್ದರು. ಹೀಗೆ ಆರು ಕಿಲೋಮೀಟರ್.

ಏರಿನ ತುದಿಯಲ್ಲಿ ಧೂಳು ಎದ್ದಿತು. ಧೂಳಿನ ಮುಂದೆ ಲಾರಿ. ಮುರಳೀಧರ ನಾಲ್ಕು ವರ್ಷದ ರೂಢಿಯಂತೆ ಇನ್ನಷ್ಟು ಬಲಕ್ಕೆ ಸರಿದರು. ಲಾರಿ ಬರುತ್ತಿದ್ದುದೂ ಅದೇ ಕಡೆ. ವಿಜಯಾ “ಎಡಕ್ಕ” ಎಂದರು, ಕೂಗಲಿಲ್ಲ. ಮುರಳೀಧರ ಸ್ಟಿಯರಿಂಗ್ ಎಡಕ್ಕೆ ಎಳೆದು ಬ್ರೇಕ್ ಒತ್ತಿದರು. ಪಿಕಪ್‌ನ ಹಿಂಭಾಗ ಜಲ್ಲಿಯ ಮೇಲೆ ಜಾರಿ, ಗಾಡಿ ಅಡ್ಡವಾಗಿ, ಎಡಬದಿಯ ಮರಳದಿಬ್ಬಕ್ಕೆ ಒರಗಿ ನಿಂತಿತು. ಲಾರಿ ದಾಟಿ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಿರಲಿಲ್ಲ. ಹಿಂದಿನ ಒಂದು ಟೈರು ಒಡೆದಿತ್ತು.

ಲಾರಿಯವನು ನಡೆದು ಬರುವಷ್ಟರಲ್ಲಿ ವಿಜಯಾ ನಟ್ಟುಗಳನ್ನು ಸಡಿಲಿಸಿ, ಜ್ಯಾಕ್ ಮರಳಲ್ಲಿ ಹೂತುಹೋಗದಂತೆ ಅಡಿಗೆ ಚಪ್ಪಟೆ ಕಲ್ಲು ಕೊಟ್ಟು, ಸ್ಟೆಪ್ನಿ ಇಳಿಸಿಕೊಡಲು ಮಗಳಿಗೆ ಹೇಳುತ್ತಿದ್ದರು. ಅವನು ಸ್ವಲ್ಪ ಹೊತ್ತು ನೋಡಿ, ತನ್ನಿಂದ ಆಗಬೇಕಾದ್ದು ಏನೂ ಇಲ್ಲವೆಂದು ನೀರಿನ ಬಾಟಲಿ ಕೊಟ್ಟು ಹೊರಟುಹೋದ. ಮುರಳೀಧರ ರಸ್ತೆಬದಿಯಲ್ಲಿ ಕೂತಿದ್ದರು.

“ವಿಜಿ, ಇಲ್ಲಿ ನನ್ನ ಕೈಲಿ ಆಗಲ್ಲ ಕಣೇ. ನೀನೇ ಓಡಿಸು.”

“ನಂಗ ಬರ್ತದಂತ ನಿಮಗ ಅನಸ್ತದೇನ್ರಿ?”

“ಬರುತ್ತೋ ಇಲ್ವೋ, ನನಗಿಂತ ಚೆನ್ನಾಗಿ ಬರುತ್ತೆ. ಅಷ್ಟು ಸಾಕು ಈಗ.”

ಅಲ್ಲಿಂದ ಕೊನೆಯ ದಿನದವರೆಗೂ ಅವರೇ ಓಡಿಸಿದರು. ಮೊರಂ ಮೇಲೆ ಗಾಡಿ ಅಲುಗಿದರೆ ಬ್ರೇಕ್ ಮುಟ್ಟಬಾರದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟಿಯರಿಂಗ್ ನೆಟ್ಟಗೆ ಹಿಡಿಯಬೇಕು ಎಂದು ಈಶ್ವರಪ್ಪ ಕಲಿಸಿದ್ದು ಇಲ್ಲಿಯೂ ನಡೆಯಿತು. ಮರಳು ಆಳವಿದ್ದಲ್ಲಿ ಟೈರಿನ ಗಾಳಿ ಇಳಿಸಿದರು. ಕರಾವಳಿಯ ಮಂಜಿನಲ್ಲಿ ನಡುಹಗಲೇ ಹೆಡ್‌ಲೈಟ್ ಹಾಕಿಕೊಂಡು ನೂರು ಕಿಲೋಮೀಟರ್ ಹೋದರು. ಮುರಳೀಧರ ನಕ್ಷೆ ಹಿಡಿದು ಕೂತರು. ನಾಲ್ಕು ವರ್ಷದಲ್ಲಿ ಮೊದಲ ಸಲ ಕಿಟಕಿಯಾಚೆ ನೋಡುತ್ತಿದ್ದೇನೆ ಎಂದು ತಮಾಷೆ ಮಾಡಿದರು.

ಎಟೋಶಾ ಅಭಯಾರಣ್ಯದಲ್ಲಿ ಹತ್ತನೆಯ ದಿನ. ಬಲಗಡೆಯ ಪೊದೆಗಳಿಂದ ಹದಿನಾಲ್ಕು ಆನೆಗಳು ರಸ್ತೆಗೆ ಬಂದವು. ವಿಜಯಾ ದೂರದಲ್ಲೇ ನಿಲ್ಲಿಸಿ ಎಂಜಿನ್ ಆರಿಸಿದರು. ಬಿಳಿಧೂಳು ಮೆತ್ತಿಕೊಂಡ ಹಿಂಡು ಒಂದೊಂದಾಗಿ ದಾಟಿತು.

“ಬಲಗಡೆಯಿಂದ ಬಂದೋರಿಗೆ ದಾರಿ. ಅಮ್ಮ, ಇವತ್ತು ನೀನು ಪಾಸ್,” ಎಂದಳು ಹಿತಾ.

ಮುರಳೀಧರ ಜೋರಾಗಿ ನಕ್ಕರು. ವಿಜಯಾಗೂ ನಗು ಬಂತು. ಅರ್ಧ ಗಂಟೆಯ ನಂತರ, ಅದೇ ರಸ್ತೆಯಲ್ಲಿ, ಬಾಲ ನೆಟ್ಟಗೆ ಎತ್ತಿಕೊಂಡ ಕಾಡುಹಂದಿಯೊಂದು ಮೂರು ಮರಿಗಳೊಂದಿಗೆ ಬಲಗಡೆಯಿಂದ ಓಡಿಬಂತು. ವಿಜಯಾ ಅದನ್ನು ನೋಡಿದರು. ವೇಗ ತಗ್ಗಿಸದೆ, ಎಡಕ್ಕೆ ಒಂದಿಷ್ಟು ಸರಿದು, ಹಂದಿಗಿಂತ ಮೊದಲೇ ಮುಂದೆ ಹೋದರು. ಹಂದಿ ಗಕ್ಕನೆ ನಿಂತಿತು.

“ಈಗ ಫೇಲ್.”

ಈ ಸಲ ಯಾರೂ ನಗಲಿಲ್ಲ. ವಿಜಯಾ ಸ್ವಲ್ಪ ದೂರ ಹೋಗಿ ಗಾಡಿ ಬದಿಗೆ ನಿಲ್ಲಿಸಿದರು. ಕೈಗಳನ್ನು ಸ್ಟಿಯರಿಂಗ್ ಮೇಲೇ ಇಟ್ಟುಕೊಂಡು ಕೂತರು.

“ಹಂದಿ ಕಾಣ್ಲಿಲ್ವಾ?” ಎಂದು ಮುರಳೀಧರ ಮೆಲ್ಲಗೆ ಕೇಳಿದರು.

“ಕಂಡ್ತು. ಸಣ್ಣದು, ನಿಂದರ್ತದ ಅಂತ ಅನಿಸ್ತು.” ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿ, “ಬೇಕರಿ ವ್ಯಾನ್ ನೋಡಿದಾಗೂ ಹಿಂಗ ಅನಿಸಿತ್ರಿ,” ಎಂದರು.

ಸಂಡೂರಿನ ರಸ್ತೆಯಲ್ಲಿ ಒಂದು ಪದ್ಧತಿಯಿತ್ತು. ಅದಿರು ತುಂಬಿದ ಲಾರಿಗೆ ಖಾಲಿ ಲಾರಿ ದಾರಿ ಬಿಡಬೇಕು. ಖಾಲಿ ಲಾರಿಗೆ ಜೀಪು, ಜೀಪಿಗೆ ಮೋಟರ್‌ಸೈಕಲ್ಲು ಬಿಡಬೇಕು. ತುಂಬಿದ ಲಾರಿ ಇಳಿಜಾರಿನಲ್ಲಿ ನಿಂತರೆ ಮತ್ತೆ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಎಡ, ಬಲ, ದೊಡ್ಡ ರಸ್ತೆ, ಸಣ್ಣ ರಸ್ತೆ ಎಂಬ ಮಾತೇ ಇರಲಿಲ್ಲ. ಎದುರಿನ ಗಾಡಿಯ ಭಾರ ನೋಡು ಎಂಬುದು ಈಶ್ವರಪ್ಪನವರ ಮೊದಲ ಪಾಠ. ಆ ಪಾಠ ಪಾಲಿಸಿಯೇ ಅವರು ಮೂವತ್ತು ವರ್ಷ ಅಪಘಾತವಿಲ್ಲದೆ ನಿವೃತ್ತರಾದರು. ಮಗಳು ರೈಸ್‌ವೈಕ್‌ನ ಪ್ರತಿ ಓಣಿಯ ಬಾಯಲ್ಲಿ ತನಗೇ ತಿಳಿಯದೆ ಅದನ್ನೇ ಪಾಲಿಸುತ್ತಿದ್ದರು. ಬಸ್ಸಿಗೆ ನಿಂತರು, ಬೇಕರಿಯ ವ್ಯಾನಿಗೆ ನಿಲ್ಲಲಿಲ್ಲ.

“ಅಂದ್ರೆ ನಿಂಗೆ ಓಡ್ಸೋಕೆ ಬರಲ್ಲ ಅಂತಲ್ಲ,” ಎಂದರು ಮುರಳೀಧರ.

“ಬರ್ತದ. ಸಂಡೂರಿಂದು ಬರ್ತದ,” ಎಂದರು ವಿಜಯಾ.

ಆಗಸ್ಟ್ ಎರಡನೇ ವಾರ ವಿಲ್ಮಾಗೆ ಇದನ್ನೆಲ್ಲ ಡಚ್‌ನಲ್ಲಿ ವಿವರಿಸಲು ಅವರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಲೋಡ್ ಲಾರಿ, ಖಾಲಿ ಲಾರಿ, ಜೀಪುಗಳನ್ನು ಪೆನ್ನಿನ ಮುಚ್ಚಳ, ಕಡ್ಡಿಪೆಟ್ಟಿಗೆ ಇಟ್ಟು ತೋರಿಸಿದರು. ವಿಲ್ಮಾ ಹತ್ತೊಂಬತ್ತು ವರ್ಷದಿಂದ ಕಲಿಸುತ್ತಿದ್ದವಳು. ಇಂಥ ತಪ್ಪನ್ನು ನೋಡಿಲ್ಲವೆಂದಳು, ಮತ್ತೆ ಅದು ತಪ್ಪಲ್ಲ, ಬೇರೆ ಊರಿನ ಸರಿ ಎಂದು ತಿದ್ದಿಕೊಂಡಳು. ಇಷ್ಟು ಹಳೆಯ ರೂಢಿಯನ್ನು ಕೀಳಲು ಒಂದು ತಿಂಗಳು ಸಾಲದು, ಅದನ್ನೇ ಬಳಸಿಕೊಳ್ಳೋಣ ಎಂದಳು. ಬಲಗಡೆ ಓಣಿ ಕಂಡ ಕೂಡಲೇ ಅಲ್ಲಿಂದ ಅದಿರು ತುಂಬಿದ ಲಾರಿ ಬರುತ್ತಿದೆ ಎಂದುಕೊಳ್ಳಬೇಕು. ಬರುತ್ತಿರುವುದು ಏನೇ ಆಗಿರಲಿ, ಅದು ಲೋಡ್ ಗಾಡಿ.

ಮೊದಲ ಪಾಠ ಕೆಟ್ಟದಾಗಿ ಹೋಯಿತು. ಹನ್ನೆರಡು ದಿನ ಎಡಗಡೆ ಓಡಿಸಿ ಬಂದ ವಿಜಯಾ ನಿಲ್ದಾಣದ ಬಳಿಯ ತಿರುವಿನಲ್ಲಿ ಎಡಕ್ಕೆ ಸೇರಿಕೊಂಡರು. ವಿಲ್ಮಾ ಮತ್ತೆ ಬ್ರೇಕ್ ಒತ್ತಬೇಕಾಯಿತು. ಎರಡನೆಯ ಪಾಠದಲ್ಲಿ ಹನ್ನೊಂದು ಓಣಿಗಳಿಂದ ಗಾಡಿಗಳು ಬಂದವು. ಒಂಬತ್ತು ಕಡೆ ನಿಂತರು. ಮೂರನೆಯದರಲ್ಲಿ ಯಾರೂ ಬರದ ಓಣಿಯ ಬಾಯಲ್ಲೂ ನಿಂತರು, ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅತಿಯಾಯಿತು, ಆದರೂ ಪರವಾಗಿಲ್ಲ ಎಂದಳು ವಿಲ್ಮಾ.

ಹಿಂದೆಗೆದುಕೊಳ್ಳುವ ಗಡುವು ಮುಗಿದಿದೆ, ವಿಜಯಾ ಹಿಂದೆಗೆದುಕೊಂಡಿಲ್ಲ. ನಾಲ್ಕನೇ ಪರೀಕ್ಷೆ ಸೆಪ್ಟೆಂಬರ್ ಹದಿನೈದು, ಮಂಗಳವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ. ಅಂದು ಮಧ್ಯಾಹ್ನದವರೆಗೆ ಆಫೀಸಿಗೆ ರಜೆ ಹಾಕಿದ್ದಾರೆ.