ಟಿಕೆಟ್ ತಿನ್ನುವ ಮೇಕೆ

ನನ್ನ ಮಗಳಿಗೆ ಐದು ವರ್ಷವಾಗಿದ್ದಾಗ ಕಥೆಯಿಲ್ಲದೆ ಒಂದು ತುತ್ತೂ ಒಳಗೆ ಇಳಿಯುತ್ತಿರಲಿಲ್ಲ. ನಾವಿದ್ದದ್ದು ಹೊಸೂರಿನ ಅವಲಪಲ್ಲಿಯಲ್ಲಿ. ಕಥೆ ಬಲ್ಲ ನನ್ನ ಅತ್ತೆ ಇದ್ದದ್ದು ಸೂಳಗಿರಿಯ ಹತ್ತಿರ, ಟೊಮೆಟೊ ತೋಟದಲ್ಲಿ. ಹಾಗಾಗಿ ಅವರು ಫೋನಿನಲ್ಲಿ ಕಥೆ ರೆಕಾರ್ಡ್ ಮಾಡಿ ಕಳಿಸತೊಡಗಿದರು. ಹಿಂದೆ ಬೋರ್‌ವೆಲ್ ಮೋಟರಿನ ಸದ್ದು, ಮುಂದೆ ಒಂದು ಮೇಕೆಯ ಕಥೆ.

ಮೊದಲ ಕಥೆಯಲ್ಲಿ ಮೇಕೆ ಹೊಸೂರು ಬಸ್ ಹತ್ತಿತು. ಕಂಡಕ್ಟರ್ ಇಳಿ ಎಂದ. "ನಾನೂ ಹೆಂಗ್ಸೇ ಕಣಪ್ಪಾ, ನಮ್ಗೆ ಬಸ್ ಫ್ರೀ ಅಲ್ವಾ?" ಎಂದಿತು ಮೇಕೆ. ಅವನು ಫ್ರೀ ಟಿಕೆಟ್ ಹರಿದು ಕೊಟ್ಟ. ಮೇಕೆ ಅದನ್ನು ಅಲ್ಲೇ ತಿಂದುಬಿಟ್ಟಿತು. ಆಮೇಲೆ ಪಕ್ಕದವರದ್ದನ್ನೂ ತಿಂದಿತು. ಮಗಳು ನಗುತ್ತಲೇ ಮುದ್ದೆ ನುಂಗಿದಳು.

ಮುಂದೆ ಮೇಕೆ ಆಸ್ಪತ್ರೆಗೆ ಹೋಗಿ ಔಷಧದ ಚೀಟಿ ತಿಂದಿತು. ಲಗ್ನಪತ್ರಿಕೆಗಳನ್ನೆಲ್ಲ ತಿಂದು, ನೆಂಟರು ಬೇರೆ ಯಾರದೋ ಮದುವೆಯಲ್ಲಿ ಊಟ ಮಾಡಿ ಬರುವಂತೆ ಮಾಡಿತು. ಕೆಳಗಿನ ಮನೆಯ ತಮಿಳು ಅಕ್ಕ ಈ ಕಥೆಗಳನ್ನು ತಮ್ಮ ಮಗನಿಗೆ ತಮಿಳಿನಲ್ಲಿ ಹೇಳಿದರು. ಅವರ ಬಾಯಲ್ಲಿ ಮೇಕೆ ಕಂಡಕ್ಟರ್ ಕೆಲಸಕ್ಕೇ ಸೇರಿಕೊಂಡಿತು. ಬೀದಿಯ ಮಕ್ಕಳೆಲ್ಲ ಮೇಕೆ ಆಟ ಆಡತೊಡಗಿದರು. ನನ್ನ ಫ್ಯಾಕ್ಟರಿ ಗೇಟ್ ಪಾಸಿನ ಮೂಲೆಯಲ್ಲೂ ಹಲ್ಲಿನ ಗುರುತು ಬಿತ್ತು.

ಕಥೆ ಮಕ್ಕಳಿಂದ ಟೀಚರ್ ಕಿವಿಗೆ ಬಿದ್ದು, ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕವಾಯಿತು. ನನ್ನ ಮಗಳೇ ಮೇಕೆ. ಅತ್ತೆ ಹೊಸ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಮಕ್ಕಳಿಗೆ ನೀತಿ ಬೇಕಲ್ಲವೇ ಎಂದು ಟೀಚರ್ ಕೊನೆಯಲ್ಲಿ ಒಂದು ದೃಶ್ಯ ಸೇರಿಸಿದ್ದರು. ಮೇಕೆ ಎಲ್ಲರ ಕ್ಷಮೆ ಕೇಳಬೇಕು.

ಮಗಳು ಕೈ ಮುಗಿದಳಷ್ಟೇ, ಅತ್ತೆ ಎದ್ದು ನಿಂತರು.

"ಏಯ್, ಯಾಕ್ ಕೈ ಮುಗೀತೈತೆ ಅದು? ನನ್ ಮೇಕೆ ಯಾರತ್ರಾನೂ ತಪ್ಪಾಯ್ತು ಅನ್ನಾಕಿಲ್ಲ!"

ನಾನು ಸೆರಗು ಹಿಡಿದು ಜಗ್ಗಿದೆ. "ಕೂತ್ಕಳಿ ಅತ್ತೆ, ಎಲ್ರೂ ನೋಡ್ತಾವ್ರೆ."

"ನೋಡ್ಲಿ ಬಿಡು!"

ಮಗಳು ಅಜ್ಜಿಯನ್ನೊಮ್ಮೆ, ಟೀಚರನ್ನೊಮ್ಮೆ ನೋಡಿದಳು. ಆಮೇಲೆ ಸೀದಾ ವೇದಿಕೆಯ ಬದಿಗೆ ಹೋಗಿ, ಅಲ್ಲಿ ಕುಳಿತಿದ್ದ ಮುಖ್ಯ ಅತಿಥಿಯ ಕೈಯಿಂದ ಭಾಷಣದ ಹಾಳೆ ಕಸಿದು ಅಗಿಯತೊಡಗಿದಳು. ಮಕ್ಕಳು ಬೆಂಚು ಬಡಿದು ಕೂಗಿದರು. ಹಾಳೆಯಿಲ್ಲದ ಅತಿಥಿ ಎರಡೇ ಮಾತಾಡಿ ಕುಳಿತರು. ಅವರಿಗೂ ಭಾರಿ ಚಪ್ಪಾಳೆ ಬಿತ್ತು. ಟೀಚರ್ ಮುಖ ಮಾತ್ರ ನೋಡಲು ನನಗೆ ಧೈರ್ಯವಾಗಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಕೆಳಗಿನ ಮನೆಯ ಅಕ್ಕನೂ ಇದ್ದರು. ಅತ್ತೆ ಮತ್ತೆ ಮತ್ತೆ ಅವರತ್ತ ತಿರುಗಿ ನೋಡುತ್ತಿದ್ದರು. ಕಥೆ ಬದಲಿಸಿದ್ದಕ್ಕೆ ಅಕ್ಕನ ಮೇಲೂ ಹರಿಹಾಯುತ್ತಾರೇನೋ ಎಂದು ನಾನು ಹೆದರಿದ್ದೆ.

"ಅಲ್ಲಮ್ಮಾ," ಎಂದರು ಕೊನೆಗೆ, ಸ್ವಲ್ಪ ಸಂಕೋಚದಿಂದ. "ನೀನ್ ಹೇಳೋ ಕತೇಲಿ ಮೇಕೆ ಕಂಡಕ್ಟರ್ ಆಯ್ತದಂತಲ್ಲ. ಅದು ಚೆಂದಾಗೈತೆ. ನಾನೂ ಹೇಳ್ಕಳ್ಳಾ?"

"ಎಡುತ್ಕೋಂಗಮ್ಮಾ! ತೊಗೊಳ್ಳಿ, ನಿಮ್ದೇ ಮೇಕೆ ಅಲ್ವಾ?" ಅಕ್ಕ ನಕ್ಕುಬಿಟ್ಟರು.

ಮರುದಿನದಿಂದ ಮೇಕೆ ಖಾಕಿ ತೊಟ್ಟು ಕೆಲಸಕ್ಕೆ ಹೋಗತೊಡಗಿತು. ಮೊದಲ ವಾರವೇ ಕೃಷ್ಣಗಿರಿಗೆ ಹೋಗಬೇಕಾದ ಬಸ್ಸನ್ನು ನಾಟ್ರಾಂಪಾಳ್ಯದ ಕಾಡಿಗೆ ತಿರುಗಿಸಿತು. ಅಲ್ಲಿ ಸೊಪ್ಪು ಚೆನ್ನಾಗಿದೆಯಂತೆ.